ಮನೆಯಲ್ಲೇ ಸಂಭ್ರಮ: ಕತ್ತರಿ ಮಕ್ಕಳ ಕೈಯಲ್ಲಿರಲಿ

ಹೋಮ್‌ಸ್ಕೂಲಿಂಗ್ ಮಾಡುವ, ಅಂದರೆ ಮಕ್ಕಳಿಗೆ ಶಾಲೆಯ ಬದಲು ಮನೆಯಲ್ಲೇ ಪಾಠ ಕಲಿಸುವ ಮನೆಗಳಲ್ಲಿ ದಿನಗಳು ಒಂದರೊಳಗೊಂದು ಬೆರೆತು ಹೋಗುತ್ತವೆ. ಗಂಟೆ ಹೊಡೆಯುವುದಿಲ್ಲ, ವಾರ್ಷಿಕೋತ್ಸವ ಇಲ್ಲ, ಪರೀಕ್ಷೆ ಮುಗಿದ ದಿನ ಚೀಲ ಎಸೆದು ಕುಣಿಯುವ ಖುಷಿಯೂ ಇಲ್ಲ. ಮಗು ತಿಂಗಳುಗಟ್ಟಲೆ ಒದ್ದಾಡಿ ಮಗ್ಗಿ ಕಲಿತರೂ ಮರುದಿನ ಸುಮ್ನೆ ಭಾಗಾಕಾರ ಶುರುವಾಗುತ್ತದೆ. ಅದಕ್ಕೇ ಇಂಥ ಮನೆಗಳಿಗೆ ಆಗಾಗ ಒಂದು ಸಣ್ಣ ಸಂಭ್ರಮ ಬೇಕು. ಕಾಗದ, ಮೈದಾ, ಉಪ್ಪು, ದಾರ, ಕತ್ತರಿ ಇದ್ದರೆ ಸಾಕು. ಷರತ್ತು ಒಂದೇ: ಮಾಡುವವರು ಮಕ್ಕಳೇ ಆಗಿರಬೇಕು, ಅವರು ಮಲಗಿದ ಮೇಲೆ ದೊಡ್ಡವರು ಕೂತು ತಿದ್ದಬಾರದು.

ಮೊದಲು ಒಂದು ನೆಪ

ಹುಟ್ಟುಹಬ್ಬಕ್ಕೇ ಕಾಯಬೇಕಿಲ್ಲ. ಮೊದಲ ಹಲ್ಲು ಬಿದ್ದದ್ದು, ದಪ್ಪ ಪುಸ್ತಕವೊಂದು ಓದಿ ಮುಗಿದದ್ದು, ತಂಗಿ ಸೈಕಲ್ ಕಲಿತದ್ದು, ಕುಂಡದ ಬೀಜ ಮೊಳೆತದ್ದು, ಎಲ್ಲವೂ ನೆಪಗಳೇ. ಯಾವುದಕ್ಕೆ ಸಂಭ್ರಮ ಅನ್ನುವುದನ್ನು ಮಕ್ಕಳೇ ತೀರ್ಮಾನಿಸಲಿ. ಅವರ ಪಟ್ಟಿಗೂ ನಿಮ್ಮ ಪಟ್ಟಿಗೂ ತಾಳಮೇಳ ಇರುವುದಿಲ್ಲ, ಅದು ಗೊತ್ತಿರಲಿ.

ದಿನ ಗೊತ್ತಾದ ಮೇಲೆ ಒಂದು ವಾರ ಸಮಯ ಇಟ್ಟುಕೊಳ್ಳಿ. ಮಾಡುವ ವಸ್ತುಗಳು ಎರಡೇ ಇರಲಿ. ಹತ್ತು ಐಡಿಯಾ ತಲೆಗೆ ಹಾಕಿಕೊಂಡರೆ ಕೊನೆಯ ದಿನ ಎಲ್ಲವೂ ಅಮ್ಮನ ತಲೆಗೇ ಬರುತ್ತದೆ, ಅಲ್ವಾ? ಇಲ್ಲಿ ಗೋಡೆಗೆ ಕಾಗದದ ಸರಪಳಿ, ಕೊರಳಿಗೆ ಪದಕ.

ಅಂಟು ಕಾಯಿಸುವುದು

ಕಾಲು ಕಪ್ ಮೈದಾಕ್ಕೆ ಕಾಲು ಕಪ್ ತಣ್ಣೀರು ಹಾಕಿ ಗಂಟಿಲ್ಲದಂತೆ ಕಲಸಿ. ಒಂದು ಕಪ್ ನೀರನ್ನು ಬೇರೆ ಪಾತ್ರೆಯಲ್ಲಿ ಕುದಿಸಿ, ಅದಕ್ಕೆ ಈ ಕಲಸಿದ್ದನ್ನು ನಿಧಾನವಾಗಿ ಸುರಿಯುತ್ತಾ ಕೈ ಬಿಡದೆ ತಿರುವಿ. ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಸಾಕು. ಸುಣ್ಣದಂತೆ ಬೆಳ್ಳಗಿದ್ದದ್ದು ಹೊಳಪು ಬಂದು ಸ್ವಲ್ಪ ಪಾರದರ್ಶಕವಾದಾಗ ಇಳಿಸಿ. ಒಲೆಯ ಮುಂದೆ ದೊಡ್ಡವರು ಇರಲೇಬೇಕು. ತಿರುವುವ ಸೌಟು ಮಾತ್ರ ಕೊಂಚ ದೊಡ್ಡ ಮಗುವಿನ ಕೈಯಲ್ಲಿರಬಹುದು.

ಹಸಿ ಹಿಟ್ಟನ್ನೇ ಕಲಸಿ ಹಚ್ಚಿದರೆ ಯಾಕಾಗುವುದಿಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಾದಾಗ ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಡೆಯುತ್ತವೆ. ಆಗಲೇ ಅದು ಅಂಟಾಗುವುದು. ಈ ಅಂಟು ಹೊರಗಿಟ್ಟರೆ ಬೇಗ ಹಳಸುತ್ತದೆ. ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ಕೆಲವು ದಿನ ಇರುತ್ತದೆ. ಹುಳಿ ವಾಸನೆ ಬಂದರೆ ಚೆಲ್ಲಿ.

ಸರಪಳಿ, ಜೊತೆಗೆ ಒಂದಿಷ್ಟು ಲೆಕ್ಕ

ಹಳೆಯ ನ್ಯೂಸ್‌ಪೇಪರ್ ಒಂದನ್ನು ಮಕ್ಕಳ ಕೈಗೆ ಕೊಟ್ಟು ಹರಿಯಲು ಹೇಳಿ. ಮೇಲಿನಿಂದ ಕೆಳಗೆ ಹರಿದರೆ ಸಾಮಾನ್ಯವಾಗಿ ನೆಟ್ಟಗೆ ಬರುತ್ತದೆ. ಅಡ್ಡ ಹರಿದರೆ ಸೊಟ್ಟಸೊಟ್ಟ. ಕಾರ್ಖಾನೆಯಲ್ಲಿ ಕಾಗದ ಯಂತ್ರದ ಮೇಲೆ ಓಡುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿಬಿಡುತ್ತವೆ, ಅದಕ್ಕೇ ಹೀಗೆ. ಸರಪಳಿಗೂ ಇದು ಮುಖ್ಯ. ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಕಡೆಗೇ ಪಟ್ಟಿಯನ್ನು ಸುತ್ತಬೇಕು. ಇಲ್ಲದಿದ್ದರೆ ಉಂಗುರ ಮುರುಕಲು ಮುರುಕಲಾಗುತ್ತದೆ.

ಎ4 ಹಾಳೆಯ ಅಳತೆ 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದ. ಅಡ್ಡಕ್ಕೆ ಗೆರೆ ಎಳೆದು 3 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿದರೆ ಒಂಬತ್ತು ಸಿಗುತ್ತವೆ, ಚೂರು ಉಳಿಯುತ್ತದೆ. ಕತ್ತರಿ ಹಿಡಿದಾಗ ಹೆಬ್ಬೆರಳು ಮೇಲಿರಲಿ. ತಿರುವಿನಲ್ಲಿ ಕತ್ತರಿಯನ್ನಲ್ಲ, ಕಾಗದವನ್ನು ತಿರುಗಿಸಬೇಕು. ಎಡಗೈ ಮಗುವಿಗೆ ಸಾಧ್ಯವಾದರೆ ಎಡಗೈ ಕತ್ತರಿಯನ್ನೇ ಕೊಡಿ. ಮಾಮೂಲಿ ಕತ್ತರಿಯಲ್ಲಿ ಮೇಲಿನ ಅಲಗು ಆ ಮಗುವಿಗೆ ಗೆರೆಯನ್ನೇ ಮರೆಮಾಡುತ್ತದೆ.

ಪಟ್ಟಿಯ ಒಂದು ತುದಿಗೆ ಒಂದು ಸೆಂಟಿಮೀಟರಿನಷ್ಟು ಅಂಟು ಹಚ್ಚಿ, ಇನ್ನೊಂದು ತುದಿಯನ್ನು ಅದರ ಮೇಲೆ ಒತ್ತಿ ಹತ್ತು ಎಣಿಸಿ. ಮುಂದಿನ ಪಟ್ಟಿಯನ್ನು ಈ ಉಂಗುರದೊಳಗೆ ತೂರಿಸಿ ಅಂಟಿಸಿ. ಹತ್ತು ಉಂಗುರ ಆದ ಮೇಲೆ ನಿಲ್ಲಿಸಿ. ಸರಪಳಿಯನ್ನು ನೆಲದ ಮೇಲೆ ಚಾಚಿ ಅಳೆಯಲಿ, ಗೋಡೆಯನ್ನೂ ಅಳೆಯಲಿ, ಒಟ್ಟು ಎಷ್ಟು ಉಂಗುರ ಬೇಕು, ಎಷ್ಟು ಹಾಳೆ ಬೇಕು ಎಂದು ಅವರೇ ಹೇಳಲಿ. ಉಂಗುರದ ಅಡ್ಡಳತೆ ಆರೂವರೆ ಸೆಂಟಿಮೀಟರ್ ಹತ್ತಿರ ಬರುವುದರಿಂದ ನಾಲ್ಕು ಮೀಟರ್ ಗೋಡೆಗೆ ಸುಮಾರು 60 ಉಂಗುರ, ಅಂದರೆ ಏಳು ಹಾಳೆ. ಆದರೆ ಈ ಉತ್ತರವನ್ನು ನೀವು ಮೊದಲೇ ಬಾಯಿಬಿಡಬೇಡಿ. ನೇತುಹಾಕಿದಾಗ ಸರಪಳಿ ನಡುವೆ ಜೋಲುತ್ತದೆ, ಆಗ ಲೆಕ್ಕ ತಪ್ಪುತ್ತದೆ. ಇನ್ನಷ್ಟು ಉಂಗುರ ಬೇಕು ಎಂದು ಅವರಿಗೇ ಹೊಳೆಯುತ್ತದೆ. ‘ಇವತ್ತಿನ ಗಣಿತ ಇದೇ’ ಅನ್ನುವ ಘೋಷಣೆಯೂ ಬೇಡ. ಹಾಗೆಂದ ಕೂಡಲೇ ಅರ್ಧ ಮಕ್ಕಳು ಎದ್ದು ಹೋಗುತ್ತಾರೆ.

ಉಪ್ಪಿನ ಹಿಟ್ಟಿನ ಪದಕ

ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಸುಮಾರು ಒಂದು ಕಪ್ ನೀರು. ನೀರನ್ನು ಒಮ್ಮೆಲೇ ಸುರಿಯಬೇಡಿ. ಕೈಗೆ ಅಂಟದಂತೆ, ಬಿರುಕು ಬಿಡದಂತೆ ಆಗುವವರೆಗೆ ಚೆನ್ನಾಗಿ ನಾದಿ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಲೋಟದ ಬಾಯಿಯಿಂದ ಒತ್ತಿ ಬಿಲ್ಲೆ ಮಾಡಿ. ದಾರಕ್ಕೆ ತೂತನ್ನು ಹಸಿ ಇರುವಾಗಲೇ, ಪೆನ್ಸಿಲ್ ಹಿಂಬದಿಯಿಂದ ಮಾಡಬೇಕು. ಒಣಗಿದ ಮೇಲೆ ಕೊರೆದರೆ ಬಿಲ್ಲೆ ಒಡೆಯುತ್ತದೆ. ಹೆಸರು, ಎಲೆಯ ಅಚ್ಚು, ಬೆರಳಿನ ಗುರುತು ಒತ್ತುವುದೂ ಈಗಲೇ.

ಗಾಳಿಯಾಡುವ ಕಡೆ ಎರಡು ಮೂರು ದಿನ ಇಟ್ಟು, ದಿನಕ್ಕೆರಡು ಸಲ ಮಗುಚಿ. ಮಗುಚದಿದ್ದರೆ ಅಂಚು ಮೇಲೆದ್ದು ತಟ್ಟೆಯಂತಾಗುತ್ತದೆ. ಓವನ್ ಇದ್ದರೆ 100 ಡಿಗ್ರಿಯಲ್ಲಿ ಎರಡು ಮೂರು ಗಂಟೆ. ಉರಿ ಜಾಸ್ತಿ ಮಾಡಿದರೆ ಉಬ್ಬುತ್ತದೆ. ಪೂರ್ತಿ ಒಣಗಿದ ಮೇಲೇ ಬಣ್ಣ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಎರಡೂ ಕಡೆ ವಾರ್ನಿಷ್ ಬಳಿದರೆ ಒಳ್ಳೆಯದು.

ಪದಕದ ಮೇಲೆ ಏನು ಬರೆಯಬೇಕು ಅನ್ನುವುದರಲ್ಲಿ ನನ್ನ ಅಭಿಪ್ರಾಯ ಗಟ್ಟಿ: ‘ಪ್ರಥಮ’, ‘ದ್ವಿತೀಯ’ ಬೇಡವೇ ಬೇಡ. ‘ಏಳರ ಮಗ್ಗಿ’, ‘ಹಲ್ಲು ಬಿತ್ತು’ ಸಾಕು. ಅಣ್ಣನ ಪದಕ ತಂಗಿ ಮಾಡಲಿ, ತಂಗಿಯದನ್ನು ಅಣ್ಣ. ಅಕ್ಷರ ತಿರುವುಮುರುವಾದರೂ ಹಾಗೇ ಇರಲಿ.

ಆ ದಿನ

ಬೆಳಗ್ಗೆ ಸರಪಳಿ ಕಟ್ಟಿ, ಸಂಜೆ ಪದಕ ಹಾಕಿ, ಮಗು ಕಲಿತದ್ದನ್ನು ಎಲ್ಲರೆದುರು ಒಮ್ಮೆ ತೋರಿಸಲಿ. ಒಲ್ಲೆ ಅಂದರೆ ಬಿಟ್ಟುಬಿಡಿ. ಒಟ್ಟು ಒಂದು ಗಂಟೆಯೊಳಗೆ ಮುಗಿಸಿ. ಸಣ್ಣವರಿಗೆ ಅದಕ್ಕಿಂತ ಹೆಚ್ಚು ಹೊತ್ತು ಸಂಭ್ರಮ ಅಂದರೆ ಅಳುವೇ.

ಸರಪಳಿ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ, ಕಿಟಕಿಯಿಂದ ದೂರ ಕಟ್ಟಿ. ಪದಕಗಳನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಮೆತ್ತಗಾದರೆ ಮತ್ತೆ ಒಣಗಿಸಿ. ಮನೆಯಲ್ಲಿ ನಾಯಿ ಇದ್ದರೆ ಈ ಹಿಟ್ಟು, ಹಸಿಯಾಗಲಿ ಒಣಗಿದ್ದಾಗಲಿ, ಅದರ ಬಾಯಿಗೆ ಸಿಗಲೇಬಾರದು. ಅಷ್ಟೊಂದು ಉಪ್ಪು ನಾಯಿಯ ಜೀವಕ್ಕೇ ಅಪಾಯ. ಒಡೆದ ಚೂರುಗಳನ್ನು ಮುಚ್ಚಳವಿರುವ ಕಸದ ಬುಟ್ಟಿಗೇ ಹಾಕಿ.