ನೆತ್ತಿ ನೋಡಿ ಗುರುತು ಹಿಡಿದವರು

ಉಸ್ತಾದ್ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು 2024ರ ಶ್ರಾವಣದಲ್ಲಿ. ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ವಾರ ಅದು. ಕೊಪ್ಪಳದಾಗ ಯಾರ ಬಾಯಲ್ಲಿ ನೋಡಿದರೂ ಗೇಟಿನದೇ ಮಾತು. ಪಂಕ್ಚರ್ ಹಾಕಿಸಲು ಗ್ಯಾರೇಜಿಗೆ ಬಂದ ಹುಡುಗನೊಬ್ಬ ಆ ಮಾತಿನ ನಡುವೆಯೇ, "ಅಣ್ಣಾ, ಜಾತ್ರ್ಯಾಗ ಬಾವ್ಯಾಗ ಗಾಡಿ ಹೊಡೀತಿದ್ದನಲ್ಲ, ಕೆಂಪು ವಸ್ತ್ರದಾಂವ, ಗ್ವಾಡಿ ಮ್ಯಾಲಿಂದ ಬಿದ್ದು ಸತ್ತನಂತ" ಅಂದ. ಸಂಜೆಯೊಳಗೆ ಇನ್ನಿಬ್ಬರು ಅದನ್ನೇ ಹೇಳಿದರು. ಬಿದ್ದದ್ದು ಸೊಲ್ಲಾಪುರದಲ್ಲಿ ಅಂತ ಒಬ್ಬ, ಹೈದರಾಬಾದಿನಲ್ಲಿ ಅಂತ ಇನ್ನೊಬ್ಬ. ಹಲಗೆ ತೊಯ್ದರೆ ಟೈರು ಹಿಡಿಯುವುದಿಲ್ಲ, ಸುರಿಯುವ ಮಳೆಯಲ್ಲಿ ಯಾರೂ ಬಾವಿ ಹತ್ತುವುದಿಲ್ಲ. ಇಷ್ಟು ಗೊತ್ತಿದ್ದ ನಾನೂ ಒಂದು ದಿನ ನಂಬಿಬಿಟ್ಟೆ.

ಮರುದಿನ ಅವನ ಶಿಷ್ಯ ಫೋನ್ ಮಾಡಿದ. ಉಸ್ತಾದ್ ಎಲ್ಲಿಂದಲೂ ಬಿದ್ದಿರಲಿಲ್ಲ. ಎದೆ ಹಿಡಿದಂಗ ಆಗ್ತೈತಿ ಅಂತ ಎರಡು ದಿನ ಮನೆಯಲ್ಲೇ ಮಲಗಿದವನು ಮೂರನೇ ದಿನ ಏಳಲಿಲ್ಲ. ಇದನ್ನು ಹೇಳಿದರೆ ಜನರ ಮುಖ ಸಪ್ಪಗಾಗುತ್ತಿತ್ತು. ಅಷ್ಟು ದೊಡ್ಡ ಮನುಷ್ಯ ಹಾಸಿಗೆಯಲ್ಲಿ ಹೋಗುವುದು ಅವರಿಗೆ ಒಪ್ಪಿಗೆ ಇರಲಿಲ್ಲ.

ನಾನು ಬೈಕ್ ಮೆಕ್ಯಾನಿಕ್. ಪುಷ್ಯ ಬಹುಳ ಬಿದಿಗೆಗೆ ಗವಿಮಠದ ಅಜ್ಜನ ತೇರು. ಅದಕ್ಕೂ ಹತ್ತು ದಿನ ಮೊದಲು ಮೈದಾನದಲ್ಲಿ ಜೋಕಾಲಿ, ಮಿಠಾಯಿ ಅಂಗಡಿ ಏಳುವಾಗ ಮೌತ್ ಕಾ ಕುವಾದ, ಅಂದರೆ ಸಾವಿನ ಬಾವಿಯ, ಕಬ್ಬಿಣದ ಚೌಕಟ್ಟೂ ಏಳುತ್ತಿತ್ತು, ಉಸ್ತಾದನ ಆರ್‌ಎಕ್ಸ್ 100 ನನ್ನ ಗ್ಯಾರೇಜಿಗೆ ಬರುತ್ತಿತ್ತು. 20 ವರ್ಷ ಹೀಗೇ ನಡೆಯಿತು. ರಿಂಗ್, ಕ್ಲಚ್ ಪ್ಲೇಟ್, ಚೈನ್ ನೋಡುವುದು, ಸೈಲೆನ್ಸರಿನೊಳಗಿನ ಮಸಿ ಸುಟ್ಟು ತೆಗೆಯುವುದು, ನನ್ನ ಕೆಲಸ ಇಷ್ಟೇ. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವನು, ಆದರೂ ನಮ್ಮದು ಏಕವಚನದ ಗೆಳೆತನ. ಅವನಿಗೊಂದು ಹೆಸರಿತ್ತು. ಜಾತ್ರೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಹೇಳದೆ ಬಿಡುವುದೇ ಚಂದ ಅಂತ ನನಗೂ ಅನಿಸಿದೆ.

ನೋಡದವರಿಗೆ ಒಂದು ಮಾತು. ಈ ಬಾವಿ ನೆಲದ ಮೇಲೆ ನಿಂತಿರುತ್ತದೆ. ನಾನೇ ಟೇಪ್ ಹಿಡಿದು ಅಳೆದಿದ್ದೇನೆ: ಅಡ್ಡಗಲ 30 ಅಡಿ, ಎತ್ತರ 25. ಒಳಮೈಗೆಲ್ಲ ಹಲಗೆ, ಬುಡದಲ್ಲಿ ಸುತ್ತಲೂ ಒಂದು ಇಳಿಜಾರು. ಗಾಡಿ ನೆಲದಲ್ಲಿ ಎರಡು ಸುತ್ತು ಹಾಕಿ, ಇಳಿಜಾರು ಏರಿ, ಅಲ್ಲಿಂದ ನೆಟ್ಟಗಿನ ಗೋಡೆ ಹತ್ತುತ್ತದೆ. ನಾವು ಮೇಲಿನ ಅಟ್ಟದಲ್ಲಿ ನಿಂತು ಕೆಳಗೆ ಬಗ್ಗಿ ನೋಡಬೇಕು. ಗಾಡಿ ಕಾಲ ಬುಡದಲ್ಲಿ ಹಾಯುವಾಗಲೆಲ್ಲ ಅಟ್ಟ ಗಡಗಡ ನಡುಗುತ್ತದೆ. ನಮ್ಮ ಗಿರಾಕಿಯೊಬ್ಬರು, ಕಾಲೇಜಿನಲ್ಲಿ ಲೆಕ್ಕ ಕಲಿಸುವ ಸರ್, ಟಿಕೆಟಿನ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದರು: ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದು ಸುತ್ತಿಗೆ ಸುಮಾರು ಎರಡೂವರೆ ಸೆಕೆಂಡು, ಮೈ ಭಾರ ಮೂರು ಪಟ್ಟು. 60 ಕಿಲೋದ ಉಸ್ತಾದ್ ಗೋಡೆಯ ಮೇಲೆ 180 ಕಿಲೋ. ವೇಗ 30ರ ಆಚೀಚೆ ಇಳಿಯಿತೋ, ಟೈರು ಜಾರಲು ಶುರು. ಇದನ್ನು ಹೇಳಿದಾಗ ಉಸ್ತಾದ್ ನಕ್ಕು, "ಸರ್, ನಾ ಮೀಟರ್ ನೋಡಂಗಿಲ್ಲ, ಹಲಗಿ ಸಪ್ಪಳ ಕೇಳ್ತೀನಿ" ಅಂದಿದ್ದ. ಅವನ ಗಾಡಿಯಲ್ಲಿ ಮೀಟರೇ ಇರಲಿಲ್ಲ.

ನನ್ನ ಅಳಿಯ ಮೊಬೈಲಿನಲ್ಲಿ ಸ್ಪೀಡ್‌ವೇ ಅಂತ ಒಂದು ಆಟ ತೋರಿಸಿದ. 500 ಸಿಸಿ ಗಾಡಿ, ಒಂದೇ ಗೇರು, ಬ್ರೇಕೇ ಇಲ್ಲ, ಪೆಟ್ರೋಲಿನ ಬದಲು ಮೆಥನಾಲು. ನಾಲ್ಕು ಜನ ನಾಲ್ಕು ಸುತ್ತು, ಎಲ್ಲ ತಿರುವೂ ಎಡಕ್ಕೇ. ಇವಾನ್ ಮಾಗರ್ ಅಂತ ನ್ಯೂಜಿಲೆಂಡಿನವನು ಆರು ಸಲ ವಿಶ್ವ ಚಾಂಪಿಯನ್ ಆಗಿದ್ದನಂತೆ, 2018ರಲ್ಲಿ ತೀರಿಕೊಂಡನಂತೆ. "ಮಾಮಾ, ನಮ್ಮ ಉಸ್ತಾದ್ ಇಂಥವನೇ ಅಲ್ಲೇನು?" ಅಂದ. ಇರಬಹುದು. ಈ ಬಾವಿಯೂ ನೂರು ವರ್ಷದ ಹಿಂದೆ ಅಮೆರಿಕದವರ ಹಲಗೆ ರೇಸ್ ಟ್ರ್ಯಾಕಿನಿಂದ ಹುಟ್ಟಿ ಜಾತ್ರೆಗಳಿಗೆ ಬಂದದ್ದು. ಆದರೆ ಸ್ಪೀಡ್‌ವೇಯಲ್ಲಿ ಗೆದ್ದವರ ಪಟ್ಟಿ ಇರುತ್ತದೆ. ಬಾವಿಯಲ್ಲಿ ಗೆಲ್ಲುವುದು ಅಂತ ಒಂದಿಲ್ಲ. ಹತ್ತಿದ, ಇಳಿದ, ಅರ್ಧ ತಾಸು ಬಿಟ್ಟು ಮತ್ತೆ ಹತ್ತಿದ. ಹೀಗಿದ್ದಾಗ ಸತ್ತವನ ಬಗ್ಗೆ ಏನಂತ ಹೇಳುವುದು? ನಾನು ಸಿಕ್ಕಿಬಿದ್ದದ್ದು ಇಲ್ಲೇ.

ನವೆಂಬರಿನಲ್ಲಿ ಶಿಷ್ಯ ಆ ಗಾಡಿಯನ್ನು ಟಂಟಂನಲ್ಲಿ ಹಾಕಿಕೊಂಡು ಬಂದ. "ಇದನ್ನ ರೆಡಿ ಮಾಡಿಕೊಡ್ರಿ ಅಣ್ಣಾರ, ಅಜ್ಜನ ಜಾತ್ರ್ಯಾಗ ಉಸ್ತಾದ್ ಹೆಸರಿಲೆ ಎರಡು ಸುತ್ತು ಹೊಡೀತೀನಿ" ಅಂದ. ಆಯಿತು ಅಂದೆ. ಅಷ್ಟಕ್ಕೆ ಸುಮ್ಮನಿರದೆ, ನೆನಪಿನ ಕಾರ್ಯಕ್ರಮವನ್ನೂ ನಾನೇ ಮಾಡುತ್ತೇನೆ ಅಂದುಬಿಟ್ಟೆ.

ಮೊದಲು ಎಂಜಿನ್ ಹಿಡಿದೆ. ಮಳೆಗಾಲ ಪೂರ್ತಿ ನಿಂತ ಗಾಡಿ, ಕಾರ್ಬುರೇಟರಿನಲ್ಲಿ ಪೆಟ್ರೋಲು ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿತ್ತು. ಜೆಟ್ ತೆಗೆದು ತೊಳೆದೆ. ಟ್ಯಾಂಕಿನೊಳಗೆ ತುಕ್ಕು. ಒಂದು ಹಿಡಿ ಸಣ್ಣ ನಟ್ಟು, ಅರ್ಧ ಲೀಟರ್ ಡೀಸೆಲ್ ಹಾಕಿ, ಹುಡುಗನ ಕೈಗೆ ಕೊಟ್ಟು, ಅರ್ಧ ತಾಸು ಕುಲುಕಿಸಿದೆ. ಆಯಿಲ್ ಪಂಪನ್ನು ಉಸ್ತಾದ್ ಹಿಂದೆಯೇ ತೆಗೆಸಿದ್ದ. ಗೋಡೆಯ ಮೇಲೆ ಪಂಪ್ ಕೈಕೊಟ್ಟರೆ ಎಂಜಿನ್ ಜಾಮ್, ಎಂಜಿನ್ ಜಾಮ್ ಆದರೆ ತಾನು ಕೆಳಗೆ ಅನ್ನುವುದು ಅವನ ಲೆಕ್ಕ. ಟೂ-ಟಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಿದ್ದ. ಹೊಸ ರಿಂಗ್, ಹೊಸ ಪ್ಲಗ್ ಹಾಕಿದೆ. ನಾಲ್ಕನೇ ಕಿಕ್ಕಿಗೆ ಹೊತ್ತಿಕೊಂಡಿತು.

ತಪ್ಪಿದ್ದು ಆಮೇಲೆ. ಗಾಡಿ ಚಾಲೂ ಆದ ಖುಷಿಯಲ್ಲಿ ಮೈ ಕಡೆ ಕಣ್ಣು ಹೋಯಿತು. ಟ್ಯಾಂಕಿನ ಬಲಕ್ಕೆ ಅಂಗೈ ಅಗಲದಷ್ಟು ಬಣ್ಣ ಹೋಗಿ ತಗಡು ಬೆಳ್ಳಗೆ ಹೊಳೆಯುತ್ತಿತ್ತು, ನಡುವೆ ಒಂದು ತಗ್ಗು. ಎರಡು ದಿನ ಗಾಡಿ ಪೇಂಟರ್ ಹತ್ತಿರ ಬಿಟ್ಟೆ. ತಗ್ಗು ಎತ್ತಿಸಿ, ಪುಟ್ಟಿ ಹಚ್ಚಿಸಿ, ಕಪ್ಪು ಬಣ್ಣ ಹೊಡೆಸಿ, ಮುಖ ಕಾಣುವ ಹಾಗೆ ಮಿಂಚಿಸಿ ತಂದು ನಿಲ್ಲಿಸಿದೆ. ನನ್ನ ಕೈಗುಣದ ಬಗ್ಗೆ ನನಗೇ ಹೆಮ್ಮೆ.

ಶಿಷ್ಯ ಬಂದವನು ಗಾಡಿಯ ಸುತ್ತ ಒಂದು ಸಲ ನಡೆದ. ಟ್ಯಾಂಕಿನ ಬಲಕ್ಕೆ ಕೈ ಇಟ್ಟು, "ಹಿಮ್ಮಡಿ ಎಲ್ಲಿ ಹೋತ್ರಿ?" ಅಂದ.

ಆಗ ತಲೆಗೆ ಹೊಳೆಯಿತು. ಉಸ್ತಾದ್ ಗೋಡೆಯ ಮೇಲೆ ಎರಡೂ ಕೈ ಬಿಟ್ಟು, ಹೆಣ್ಣುಮಕ್ಕಳು ಸ್ಕೂಟರಿನ ಹಿಂದೆ ಕೂರುವ ಹಾಗೆ ಒಂದೇ ಮಗ್ಗುಲಿಗೆ ತಿರುಗಿ ಕೂರುತ್ತಿದ್ದ. ಆಗ ಹಿಮ್ಮಡಿ ಊರುತ್ತಿದ್ದದ್ದು ಅದೇ ಜಾಗದಲ್ಲಿ. ದಿನಕ್ಕೆ ಹದಿನೈದು ಇಪ್ಪತ್ತು ಆಟ, ಅಷ್ಟು ವರ್ಷ ತಿಕ್ಕಿ ತಿಕ್ಕಿ ಆದ ಗುರುತು. ನಾನು ಅದಕ್ಕೆ ಪುಟ್ಟಿ ಹಚ್ಚಿದ್ದೆ. ಎಮ್ರಿ ಪೇಪರ್ ತಗೊಂಡು ಅಷ್ಟು ಜಾಗದ ಬಣ್ಣ ಕೆರೆಯಲು ಕುಂತೆ. ಶಿಷ್ಯ ಕೈ ಹಿಡಿದು, "ಬ್ಯಾಡ್ರಿ. ಅದು ನಿಮ್ಮ ಕೈದು ಆಕ್ಕತಿ" ಅಂದ. ಈ ಕಸುಬಿಗೆ ಇಳಿದ ಮೇಲೆ ಕೆಲಸ ಚೊಲೋ ಆಗಿದ್ದಕ್ಕೆ ತಲೆ ತಗ್ಗಿಸಿದ್ದು ಅದೊಂದೇ ಸಲ.

ಅಲ್ಲಿಂದ ಮುಂದೆ ಏನನ್ನೂ ತಿದ್ದಬಾರದು, ಇದ್ದದ್ದನ್ನು ಕೂಡಿಸಬೇಕಷ್ಟೇ ಅಂತ ಗಟ್ಟಿ ಮಾಡಿಕೊಂಡೆ. ಉಸ್ತಾದನ ಫೋಟೊ, ವಿಡಿಯೊ ಇದ್ದವರು ಕಳಿಸಿ ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದೆ. ಯಲಬುರ್ಗಾ, ಗಂಗಾವತಿ, ಕುಷ್ಟಗಿ ಎಲ್ಲ ಕಡೆಯಿಂದ ಬಂದವು, ವಿಡಿಯೊಗಳೇ 70ರ ಮೇಲೆ. ಜನರನ್ನು ಮಾತಾಡಿಸಿಯೂ ನೋಡಿದೆ. "ಉಸ್ತಾದ್ ಹೆಂಗಿದ್ದ?" ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಭಾರಿ ಇದ್ದ ಬಿಡ್ರಿ." ಮುಂದೆ ಮಾತೇ ಹೊರಡುವುದಿಲ್ಲ. ನಾಲ್ಕೈದು ಜನರ ಹತ್ತಿರ ಹೀಗಾದ ಮೇಲೆ ಪ್ರಶ್ನೆ ಬದಲಿಸಿ, "ನೀವು ಎಲ್ಲಿ ನಿಂತಿದ್ರಿ?" ಅಂತ ಕೇಳತೊಡಗಿದೆ. ಜನ ಮಾತಾಡಿದರು ನೋಡಿ!

ಗಂಜಿನ ಹಮಾಲಿಯೊಬ್ಬ ಅಟ್ಟದ ಮೆಟ್ಟಿಲ ಮಗ್ಗುಲಿಗೇ ನಿಂತಿದ್ದನಂತೆ. ಹತ್ತು ರೂಪಾಯಿ ನೋಟು ಚಾಚಿದ, ಉಸ್ತಾದ್ ಬಾಯಿಂದ ಕಚ್ಚಿಕೊಂಡು ಹೋದ, ಅವನ ಮೀಸೆ ತನ್ನ ಬೆರಳಿಗೆ ತಾಗಿತು ಅಂತ ಬೆರಳು ತೋರಿಸಿದ. ಬಳೆ ಅಂಗಡಿಯ ಅಕ್ಕ ಒಂದು ಸಲವೂ ಮೇಲೆ ಹತ್ತಿದವಳಲ್ಲ, ಹತ್ತು ವರ್ಷ ಬಾವಿಯ ಬೆನ್ನಿಗೇ ಅಂಗಡಿ ಹಾಕಿದವಳು. "ಬ್ಯಾರೆಯವರು ಹೊಡೆದರ ಹಲಗಿ ಒಡ್ಡೊಡ್ಡ ಬಡೀತಾವ, ಅಂವ ಹೊಡೆದರ ಬೀಸೋ ಕಲ್ಲಿನಂಗ ಒಂದ ಸಮ" ಅಂದಳು. ಆಟ ಬರಲಿ, ಯಾರು ಹತ್ತಿದ್ದಾರೆ ಅಂತ ಬಳೆ ಏರಿಸುತ್ತಲೇ ಹೇಳುತ್ತಿದ್ದಳಂತೆ. ನನ್ನ ಪ್ರಕಾರ ಉಸ್ತಾದನನ್ನು ಎಲ್ಲರಿಗಿಂತ ಚೊಲೋ ತಿಳಿದವಳು ಅವಳೇ.

ಬ್ಯಾನರಿಗೆ ಫೋಟೊ ಆರಿಸಲು ಕೂತಾಗ ಇನ್ನೊಂದು ತೊಡಕು. ಒಂದರಲ್ಲೂ ಮುಖವಿಲ್ಲ! ಅಟ್ಟದ ಮೇಲಿಂದ ತೆಗೆದವು, ಗಾಡಿಯ ವೇಗಕ್ಕೆ ಎಲ್ಲ ಕಲಸಿಹೋಗಿ ಕಪ್ಪಿನಲ್ಲಿ ಒಂದು ಕೆಂಪು ಗೆರೆ. ಸ್ವಲ್ಪ ತಿಳಿಯಾಗಿದ್ದವುಗಳಲ್ಲಿ ಬರೀ ನೆತ್ತಿ. ಮುಖ ಕಾಣುವುದು ಆಧಾರ್ ಕಾರ್ಡಿನದೊಂದೇ. ಅದನ್ನು ನೋಡಿದರೆ ಯಾರೋ ಬೇರೆ ಊರಿನ ಗುಮಾಸ್ತ ಅನ್ನಬೇಕು. ಕೊನೆಗೆ ನೆತ್ತಿಯದನ್ನೇ ಆರಿಸಿದೆ: ಕೊರಳಿಗೆ ಕೆಂಪು ವಸ್ತ್ರ, ಚಾಚಿದ ಎರಡು ಕೈ, ನಡುವೆ ಕೂದಲು ತೆಳ್ಳಗಾದ ತಲೆ. ಫ್ಲೆಕ್ಸ್ ಅಂಗಡಿಯ ತಮ್ಮ, "ಮಾರಿನ ಇಲ್ಲದ ಭಾವಪೂರ್ಣ ಶ್ರದ್ಧಾಂಜಲಿ ಎಲ್ಯಾರ ನೋಡೀರೇನ್ರಿ?" ಅಂತ ನಕ್ಕ. ಹೆಸರೂ ಬೇಡ ಅಂದಾಗ ನಗು ನಿಲ್ಲಿಸಿ ದುಡ್ಡು ಮುಂಗಡ ಕೇಳಿದ. ಎಂಟು ಅಡಿ ಉದ್ದ, ಆರು ಅಡಿ ಅಗಲ.

2025ರಲ್ಲಿ ತೇರು ಬಿದ್ದದ್ದು ಜನವರಿ 15ಕ್ಕೆ, ಸಂಕ್ರಾಂತಿಯ ಮರುದಿನ. ಮೂರು ದಿನ ಬಿಟ್ಟು, ದಾಸೋಹದ ರೊಟ್ಟಿ, ಮಾದಲಿ ಉಂಡು ಜನ ಮೈದಾನಕ್ಕೆ ಇಳಿಯುವ ಹೊತ್ತಿಗೆ, ಬಾವಿಯ ಮಾಲೀಕರು ಎರಡು ಆಟದ ನಡುವೆ ಹತ್ತು ನಿಮಿಷ ಬಿಟ್ಟುಕೊಟ್ಟರು. ಹಾರ ಹಿಡಿದು ಬರುತ್ತೇನೆಂದ ಒಬ್ಬ ಮರಿ ಪುಢಾರಿಗೆ ಒಂದು ತಾಸು ತಡವಾಗಿ ಟೈಮ್ ಹೇಳಿದ್ದೆ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಬ್ಯಾನರನ್ನು ಬಾವಿಯ ಬಾಗಿಲಿಗೆ ಕಟ್ಟಿದ್ದೆವು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿ, "ಏ, ನಮ್ಮ ಉಸ್ತಾದ್!" ಅನ್ನುತ್ತಿದ್ದರು. ಯಾರಿದು ಅಂತ ಒಬ್ಬನೂ ಕೇಳಲಿಲ್ಲ.

ಒಂದು ನಿಮಿಷದ ಮೌನ ಮಾತ್ರ ಆಗಲಿಲ್ಲ. ಮಗ್ಗುಲ ದೊಡ್ಡ ಜೋಕಾಲಿಯ ಸ್ಪೀಕರ್, ಅದರಾಚೆ ಮಿರ್ಚಿಯವನ ಕೂಗು. ಹತ್ತು ಸೆಕೆಂಡಿಗೇ ಕೈಬಿಟ್ಟು ಶಿಷ್ಯನಿಗೆ ಸನ್ನೆ ಮಾಡಿದೆ. ಕಿಕ್ ಹೊಡೆದ. ಮಿಂಚುವ ಟ್ಯಾಂಕಿನ ಗಾಡಿ ಇಳಿಜಾರು ಏರಿ ಗೋಡೆ ಹಿಡಿಯಿತು. ಎರಡು ಸುತ್ತು ಅಂದವನು ಲೆಕ್ಕ ಮರೆತ. ಅವನು ಮೇಲೇರಿದ ಹಾಗೆ ಅಟ್ಟದ ಸುತ್ತಲೂ ಕೈ ಚಾಚಿದವು, ಹತ್ತರ, ಇಪ್ಪತ್ತರ, ಐವತ್ತರ ನೋಟು. ಅವನಿಗೆ ಇನ್ನೂ ಉಸ್ತಾದನಷ್ಟು ಕೈ ಕುಳಿತಿಲ್ಲ. ಐದಕ್ಕೆ ಎರಡು ಹಿಡಿಯುತ್ತಿದ್ದ, ಉಳಿದವು ಹಾರುತ್ತಾ ಬಾವಿಯ ತಳಕ್ಕೆ ಬೀಳುತ್ತಿದ್ದವು. ಎಣಿಸಿದಾಗ 11,000ದ ಮೇಲಿತ್ತು.

ಆ ದುಡ್ಡು, ಸುತ್ತಿದ ಬ್ಯಾನರ್ ಹಿಡಿದು ಮುಂದಿನ ವಾರ ನಾನೂ ಶಿಷ್ಯನೂ ಉಸ್ತಾದನ ಊರಿಗೆ ಹೋದೆವು. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಸಾಲು ದಾಟಿ ಸಿಂಧನೂರಿನ ಕಡೆ. ಎರಡು ಕೋಣೆಯ ಮನೆ, ಮುಂದೆ ತಗಡಿನ ಚಪ್ಪರ. ಉಸ್ತಾದನ ಹೆಂಡತಿ, ನಮಗೆ ಅಕ್ಕ, ದುಡ್ಡನ್ನು ಎಣಿಸದೆ ಗೂಡಿನಲ್ಲಿ ಇಟ್ಟಳು. ಟ್ಯಾಂಕಿನ ವಿಷಯ ಹೇಳಿ ತಪ್ಪು ಒಪ್ಪಿಕೊಂಡೆ. ಅವಳಿಗೆ ಅದು ತಿಳಿಯಲೇ ಇಲ್ಲ. ಅವಳು ಬಾವಿ ನೋಡಿದವಳೇ ಅಲ್ಲವಂತೆ. "ನೋಡಿದ್ರ ಕಳಸೂದು ಆಗತಿರಲಿಲ್ಲ" ಅಂದಳು.

ಬ್ಯಾನರ್ ಬಿಚ್ಚಿ ಅಂಗಳದಲ್ಲಿ ಹಾಸಿದೆವು. ಅಕ್ಕ ನಿಂತು, ಬಗ್ಗಿ, ಭಾಳ ಹೊತ್ತು ನೋಡಿದಳು.

"ನೆತ್ತಿ ಇಷ್ಟು ಬೋಳ ಆಗಿತ್ತೇನ್ರಿ ಇವರದು?"

ಆಮೇಲೆ ಫ್ಲೆಕ್ಸಿನ ಅಂಚನ್ನು ಬೆರಳಿನಿಂದ ತಿಕ್ಕಿ, ದಪ್ಪ ಐತಿ ಅಂದಳು. ಚಪ್ಪರದ ತಗಡು ಸೋರುತ್ತಿತ್ತಂತೆ, ಮಳೆಗಾಲಕ್ಕೆ ಮೇಲೆ ಹೊದಿಸಲು ಬರುತ್ತದಂತೆ. ನಾಲ್ಕೂ ಮೂಲೆಗೆ ಕಟ್ಟಲು ಹಗ್ಗ ಐತೇನು ಅಂತ ಕೇಳಿದಳು. ಶಿಷ್ಯ ಗಾಡಿಯ ಕಡೆ ಓಡಿದ.