ಬ್ರಿಟಿಷರ ಕಾಲದ ಅಧಿಕಾರಿಯನ್ನು ವಿಚಾರಣೆಗೆ ನಿಲ್ಲಿಸುವುದು ಹೇಗೆ?

ತುಮಕೂರಿನ ನಮ್ಮ ಕಚೇರಿಗೆ ಹೊಸದಾಗಿ ಬಂದ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುಡುಗನಿಗೆ ಮೊದಲ ಸಲ ದೋಷಾರೋಪಣ ಪಟ್ಟಿ ಬರೆಯುವ ಕೆಲಸ ಬಿತ್ತು. 'ಸಾರ್, ಇದೆಲ್ಲ ಶುರು ಮಾಡಿದ್ದು ಯಾರು?' ಅಂದ. ಟೀ ಕುಡಿಯುತ್ತಾ ಅವನಿಗೆ 1850ರ ಸರ್ಕಾರಿ ನೌಕರರ ವಿಚಾರಣಾ ಕಾಯ್ದೆಯ ಕ್ರಮ ಹೇಳಿದೆ.

ಮೊದಲು ಆಸಾಮಿ ಯಾರು ನೋಡಿ. ಸಣ್ಣ ಗುಮಾಸ್ತನಿಗೆ ಈ ಕಾಯ್ದೆ ಬೇಕಿಲ್ಲ. ಸರ್ಕಾರದ ಒಪ್ಪಿಗೆ ಇಲ್ಲದೆ ಕೆಲಸದಿಂದ ತೆಗೆಯಲು ಬಾರದವರಿಗೆ ಮಾತ್ರ ಇದು.

ಆಮೇಲೆ ಆರೋಪ ಬರೆಯಿರಿ. ಇಲ್ಲೇ ಜಾಸ್ತಿ ಜನ ಎಡವುವುದು. 'ಲಂಚಕೋರ' ಅಂತ ಸುಮ್ನೆ ಗೀಚಿದರೆ ಆಗಲ್ಲ, ಒಂದೊಂದು ಆರೋಪವೂ ಬೇರೆ ಬೇರೆ ನಿಲ್ಲಬೇಕು: ಯಾವ ದಿನ, ಯಾರ ಹತ್ತಿರ, ಎಷ್ಟು ರೂಪಾಯಿ, ಯಾವ ಕೆಲಸಕ್ಕೆ. ಮೂರು ತಪ್ಪನ್ನು ಒಂದೇ ವಾಕ್ಯಕ್ಕೆ ತುರುಕಿದರೆ, ಅವನು ಒಂದಕ್ಕೆ ಉತ್ತರ ಕೊಟ್ಟು ಉಳಿದೆರಡನ್ನು ನುಂಗಿಬಿಡುತ್ತಾನೆ.

ಆರೋಪದ ನಕಲು, ಸಾಕ್ಷಿಗಳು ಮತ್ತು ದಾಖಲೆಗಳ ಪಟ್ಟಿ ಅವನ ಕೈಗೆ ಸೇರಬೇಕು. ನಡುವೆ ಮೂರು ದಿನವಾದರೂ ಬಿಡಬೇಕು, ಕೊಟ್ಟ ದಿನವೂ ವಿಚಾರಣೆಯ ಮೊದಲ ದಿನವೂ ಲೆಕ್ಕಕ್ಕಿಲ್ಲ. ಸೋಮವಾರ ಕೊಟ್ಟರೆ ಶುಕ್ರವಾರ ಶುರು. ಅವನು ವಕೀಲರನ್ನು ಕಳಿಸಬಹುದು. ಸರಿಯಾದ ಕಾರಣವಿಲ್ಲದೆ ಯಾರೂ ಬರದಿದ್ದರೆ ಆರೋಪ ಒಪ್ಪಿಕೊಂಡ ಹಾಗೆ.

ಸಾಕ್ಷಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳಬೇಕು, ಆ ಸಾಕ್ಷಿಗೇ ಓದಿ ಹೇಳಬೇಕು, ಬೇಕಾದರೆ ಅವನ ಭಾಷೆಯಲ್ಲೇ ವಿವರಿಸಬೇಕು. ನನಗೆ ತುಂಬಾ ಹಿಡಿಸಿದ ನಿಯಮ ಇದು. ಒಬ್ಬ ರೈತ 'ನಾನ್ ಕೊಡ್ಲಿಲ್ಲ ಬುದ್ಧಿ, ಅವ್ರೇ ಇಸ್ಕೊಂಡ್ರು' ಅಂದ ಅನ್ನಿ. ಇಂಗ್ಲಿಷಿನ ಕಾಗದದಲ್ಲಿ ಅದು 'ಕೊಟ್ಟೆ' ಅಂತ ಆಗಿಬಿಟ್ಟರೆ ಕಥೆಯೇ ಬೇರೆ, ಅಲ್ವಾ?

ಕೊನೆಗೆ ಒಂದೊಂದು ಆರೋಪಕ್ಕೂ ಬೇರೆಯಾಗಿ ಅಭಿಪ್ರಾಯ ಬರೆದು ಕಡತ ಮೇಲಕ್ಕೆ ಕಳಿಸಬೇಕು. ಶಿಕ್ಷೆ ವಿಚಾರಣೆ ಮಾಡಿದವರ ಕೈಯಲ್ಲಿಲ್ಲ, ಸರ್ಕಾರದ ಕೈಯಲ್ಲಿ.

ಕ್ರಮ ಇಷ್ಟು ಚೆನ್ನಾಗಿದ್ದರೂ ನ್ಯಾಯ ಸಿಗುತ್ತಿತ್ತಾ ಅಂದರೆ, ನನಗೆ ಅನುಮಾನ. ಸಿಲ್ಹೆಟ್‌ನಲ್ಲಿ ಅಸಿಸ್ಟೆಂಟ್ ಮ್ಯಾಜಿಸ್ಟ್ರೇಟ್ ಆಗಿದ್ದ ಸುರೇಂದ್ರನಾಥ ಬ್ಯಾನರ್ಜಿ ಗೊತ್ತಲ್ಲ? ಒಬ್ಬ ಆರೋಪಿಯ ಹೆಸರನ್ನು ತಪ್ಪಾಗಿ ತಲೆಮರೆಸಿಕೊಂಡವರ ಪಟ್ಟಿಗೆ ಸೇರಿಸಿದ್ದು ಅವರ ಮೇಲಿನ ಮುಖ್ಯ ಆರೋಪ. ಮುಂದೆ ಬಂದ ಕಾಗದಕ್ಕೆ ಮಾಮೂಲಿನಂತೆ ಸಹಿ ಹಾಕಿದೆ ಅಂತ ಅವರ ವಾದ. 1874ರಲ್ಲಿ ಐಸಿಎಸ್‌ನಿಂದ, ಅಂದರೆ ಬ್ರಿಟಿಷರ ಕಾಲದ ಉನ್ನತ ನಾಗರಿಕ ಸೇವೆಯಿಂದ, ವಜಾ. ಲಂಡನ್ನಿಗೆ ಹೋಗಿ ಕೇಳಿಕೊಂಡರೂ ಕೆಲಸ ವಾಪಸ್ ಬರಲಿಲ್ಲ.

ಇವತ್ತು ನಮಗೆ ವಿಚಾರಣೆಯಿಲ್ಲದೆ ವಜಾ ಆಗದಂತೆ ಕಾಯುವ ಸಂವಿಧಾನದ 311ನೇ ವಿಧಿ ಇದೆ, ಕರ್ನಾಟಕದ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಿವೆ. ಆದರೂ ಆರೋಪ ಬರೆಯುವ ರೀತಿ ಅದೇ ಹಳೆಯದು. ಹುಡುಗ ಸಂಜೆ ಕರಡು ತಂದ. ಮೊದಲ ಸಾಲು: 'ಸದರಿ ನೌಕರರು ಸರಿಯಾಗಿ ಕೆಲಸ ಮಾಡುವುದಿಲ್ಲ.' ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 'ಯಾವತ್ತು? ಯಾವ ಕೆಲಸ?' ಅಂತ ಬರೆದು ವಾಪಸ್ ಕೊಟ್ಟೆ.