ಒಂದು ಗೊರಟು, ನಾಲ್ಕು ಸಸಿ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಹಳೆ ಮನೆಯ ಬೇಲಿಯಲ್ಲಿ ಒಂದು ಕಾಟುಮಾವಿನ (ಕಾಡುಮಾವಿನ) ಮರ ಇದೆ. ಅಮ್ಮನ ಗೊಜ್ಜಿಗೆ ಆ ಮರದ ಹಣ್ಣೇ ಆಗಬೇಕು. ನಾಲ್ಕು ವರ್ಷದ ಹಿಂದೆ ಅದರ ಕಾಂಡಕ್ಕೆ ಕೊರೆಹುಳ ಬಿತ್ತು. ಮರ ಹೋಗುವ ಮೊದಲು ತಳಿ ಉಳಿಸಬೇಕೆಂದು ಗೊರಟು ಹಾಕಲು ಶುರುಮಾಡಿದೆ.

ಮೊದಲ ವರ್ಷ ತೊಟ್ಟೆಗೊಂದು (ಪ್ಲಾಸ್ಟಿಕ್ ಚೀಲಕ್ಕೊಂದು) ಗೊರಟು ಹಾಕಿದೆ. ಒಂದೊಂದರಿಂದ ಮೂರು, ನಾಲ್ಕು ಮೊಳಕೆ ಬಂದವು. ಖುಷಿಯಲ್ಲಿ ಹಾಗೆಯೇ ಬಿಟ್ಟೆ. ಆಟಿ ತಿಂಗಳ ಮಳೆ ಮುಗಿಯುವಾಗ ದೊಡ್ಡದೊಂದು ಉಳಿದು, ಪಕ್ಕದವೆಲ್ಲ ಬುಡ ಕೊಳೆತು ಬಿದ್ದಿದ್ದವು. ಹೆಚ್ಚಿನವರು ಬಲವಾದ ಒಂದನ್ನು ಇಟ್ಟು ಉಳಿದದ್ದನ್ನು ಕಿತ್ತು ಬಿಸಾಡುತ್ತಾರೆ. ಅದೂ ಸರಿಯಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು.

ನಮ್ಮ ಕರಾವಳಿಯ ಒಳೂರು, ಕುರುಕ್ಕನ್, ಚಂದ್ರಕಾರನ್, ಮೂವಾಂಡನ್‌ನಂಥ ಮಾವುಗಳ ಗೊರಟಿನಲ್ಲಿ ಒಂದಕ್ಕಿಂತ ಜಾಸ್ತಿ ಭ್ರೂಣ ಇರುತ್ತದೆ. ಆಲ್ಫಾನ್ಸೋದಲ್ಲಿ ಒಂದೇ. ಹಲವು ಭ್ರೂಣ ಇರುವವುಗಳಲ್ಲಿ ಹೂವಿನ ಪರಾಗದಿಂದ ಹುಟ್ಟುವುದು ಸಾಮಾನ್ಯವಾಗಿ ಒಂದು. ಮಿಕ್ಕವು ಬೀಜದೊಳಗಿನ ತಾಯಿಮರದ್ದೇ ಜೀವಕೋಶಗಳಿಂದ ಹುಟ್ಟುತ್ತವೆ. ಅಂದರೆ ಅವು ತಾಯಿಯದೇ ಪಡಿಯಚ್ಚು. ಬಲವಾಗಿ ಬೆಳೆದದ್ದು ಪರಾಗದ್ದೋ ತಾಯಿಯದ್ದೋ ಎಂದು ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ. ಹಾಗಾಗಿ ಸಪೂರದ ಸಸಿಯನ್ನು ಕಿತ್ತರೆ, ಉಳಿಸಲು ಹೊರಟ ಮರವನ್ನೇ ಕಿತ್ತಂತೆ, ಅಲ್ವಾ?

ಎರಡನೇ ವರ್ಷ ಅವಸರ ಮಾಡಿದೆ. ಮೊಳಕೆ ಕಿರುಬೆರಳುದ್ದ ಇರುವಾಗಲೇ ಬಿಡಿಸಿದೆ. ಸ್ವಂತ ಬೇರು ಬಂದಿರಲಿಲ್ಲ, ಮೊಳಕೆಗೆ ಅಂಟಿಕೊಂಡಿದ್ದ ಬೀಜದ ಬೇಳೆಯೂ ಕಳಚಿತು. ವಾರದಲ್ಲಿ ಬಾಡಿದವು. ಆ ದಿನ ತುಂಬ ಬೇಸರವಾಗಿತ್ತು.

ಕಳೆದ ಮಳೆಗಾಲದಲ್ಲಿ ಕೈ ಕುದುರಿತು. ಹಣ್ಣು ತಿಂದ ಮೂರು ನಾಲ್ಕು ದಿನದೊಳಗೆ ಗೊರಟು ಹಾಕಿದೆ. ಮಾವಿನ ಬೀಜ ಒಣಗಿದರೆ ಸತ್ತುಹೋಗುತ್ತದೆ, ಅಟ್ಟದಲ್ಲಿ ಇಟ್ಟು ಮುಂದಿನ ವರ್ಷಕ್ಕೆ ಅಂದರೆ ಆಗದು. ಗೊರಟಿನ ಅಂಚು ಕತ್ತರಿಸಿ ಬೀಜ ಮಾತ್ರ ತೆಗೆದೆ. ಒಳಗೆ ಬೇಳೆ ತುಂಡುತುಂಡಾಗಿ, ಸಣ್ಣದು ದೊಡ್ಡದಾಗಿ ಮಡಚಿಕೊಂಡಿತ್ತು. ತೆಂಗಿನ ಮಡಲಿನ ನೆರಳಲ್ಲಿ ಹೊಯ್ಗೆಯ (ಮರಳಿನ) ಪಾತಿ ಮಾಡಿ, ಸಾಲಾಗಿ ತೆಳ್ಳಗೆ ಮುಚ್ಚಿದೆ. ಎರಡು ಮೂರು ವಾರದಲ್ಲಿ ಮೊಳಕೆ ಬಂತು.

ಮತ್ತೆ ಕಾದೆ. ತಾಮ್ರದ ಬಣ್ಣದ ಎಲೆ ಹಸಿರಾಗುವವರೆಗೆ ಮುಟ್ಟಲಿಲ್ಲ. ಬಿಡಿಸುವ ಹಿಂದಿನ ಸಂಜೆ ಪಾತಿಗೆ ಚೆನ್ನಾಗಿ ನೀರು ಹಾಕಿ, ಬೆಳಿಗ್ಗೆ ಇಡೀ ಬುಡವನ್ನು ಅಂಗೈಯಲ್ಲಿ ಎತ್ತಿದೆ. ಸ್ವಂತ ಬೇರು ಇದ್ದದ್ದನ್ನು ಅದರ ಪಾಲಿನ ಬೇಳೆ ಸಮೇತ ಬಿಡಿಸಿದೆ. ಬೇರು ಇಲ್ಲದ್ದನ್ನು ಎಳೆಯಲಿಲ್ಲ, ಜೊತೆಯದರೊಂದಿಗೆ ತಿರುಗಿ ಹೊಯ್ಗೆಗೇ ಇಟ್ಟೆ. ತೊಟ್ಟೆಗೆ ಮಣ್ಣು, ಹೊಯ್ಗೆ, ಹಳೆ ಹಟ್ಟಿಗೊಬ್ಬರ. ತಳದಲ್ಲಿ ತೂತು ಜಾಸ್ತಿ ಇರಬೇಕು. ಮನೆಯ ಮಾಡಿನಿಂದ (ಛಾವಣಿಯಿಂದ) ಇಳಿಯುವ ನೀರು ಸಸಿಯ ಮೇಲೆ ಬೀಳಬಾರದು. ನನ್ನ ಮೊದಲ ವರ್ಷದ ಸಸಿಗಳು ಕೊಳೆತದ್ದು ಮುಖ್ಯವಾಗಿ ಅದರಿಂದಲೇ.

20 ಗೊರಟಿನಿಂದ 53 ಮೊಳಕೆ ಬಂದಿದ್ದವು. ಈಗ 38 ಸಸಿ ಜೀವ ಹಿಡಿದಿವೆ. ಹೆಬ್ಬೆರಳುದ್ದ ಇದ್ದ ಕೆಲವು ದೀಪಾವಳಿಯ ಹೊತ್ತಿಗೆ ಅಕ್ಕಪಕ್ಕದವುಗಳ ಸಮಕ್ಕೆ ಬಂದವು.

ಮೊನ್ನೆ ಅಮ್ಮ ಒಂದೊಂದರ ಎಲೆ ಹಿಸುಕಿ ಮೂಸಿ ನೋಡಿದರು. "ಇದು ನಮ್ಮ ಮರದ್ದೇ" ಎಂದು ಹೇಳುತ್ತಾ ಹೋದರು. ಒಂದರ ಎಲೆ ಮಾತ್ರ ಉದ್ದ, ಪರಿಮಳವೂ ಬೇರೆ. ಅದನ್ನೂ ಕಿತ್ತಿಲ್ಲ. ಹಟ್ಟಿಯ ಹಿಂದೆ ನೆಟ್ಟಿದ್ದೇನೆ, ಎಂಥ ಹಣ್ಣು ಬಿಡುತ್ತದೋ ನೋಡಬೇಕು.